ಅಂಚಿನ ಟಿಪ್ಪಣಿ ಓದಿದ ಅತ್ತಿಗೆ

ಇಂದು ಭಾನುವಾರ. ಬೆಳಿಗ್ಗೆ ಪಾಂಡವಪುರದ ಅಣ್ಣನ ಮನೆಗೆ ಹೋಗಿದ್ದೆ.

ಸ್ನೇಹಿತರೇ, ಪಿಯುಸಿ ಓದುತ್ತಿರುವ ಅಣ್ಣನ ಮಗಳು ಚೈತ್ರಾಳಿಗೆ ಹೋದ ವಾರ ನನ್ನ ಬಳಿಯಿದ್ದ ಅನುವಾದಿತ ಕಾದಂಬರಿಯೊಂದನ್ನು ಕೊಟ್ಟಿದ್ದೆ. ಮುನ್ನೂರು ವರ್ಷದ ಪ್ರೇತವೊಂದು ಹುಡುಗನ ರೂಪದಲ್ಲಿ ಬಂದು ಹದಿನೇಳರ ಹುಡುಗಿಯನ್ನು ಪ್ರೀತಿಸುವ ಕಥೆ. ಓದುವಾಗ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದು ನನ್ನ ಅಭ್ಯಾಸ. ಅವನು ಕೇಳದೆ ಅವಳ ಕೋಣೆಗೆ ಬಂದಲ್ಲೆಲ್ಲ ‘ಇದು ಪ್ರೀತಿಯಲ್ಲ, ಕಾವಲು’ ಎಂದು ಬರೆದಿದ್ದೆ.

ಅತ್ತಿಗೆ ಕಥೆಯನ್ನು ಓದಿರಲಿಲ್ಲ, ಅಂಚನ್ನು ಮಾತ್ರ ಓದಿದ್ದರು. ಪುಸ್ತಕ ಬೀರು ಸೇರಿತ್ತು.

“ನೀನೇ ಬರ್ದಿದ್ದೀಯಲ್ಲವ್ವ, ಕೆಟ್ಟದ್ದು ಅಂತ. ಇನ್ಮೇಲೆ ಕಾಲೇಜ್ ಪುಸ್ತಕ ಬುಟ್ಟು ಇವ್ಳು ಬೇರೆ ಏನೂ ಮುಟ್ಟಂಗಿಲ್ಲ.”

“ಅಂಗಂತ ಬರ್ದಿಲ್ಲ ಅತ್ತಿಗೆ.”

“ಒಳ್ಳೇದು ಅಂತ ಎಲ್ಲಿ ಬರ್ದಿದ್ದೀಯ? ತೋರ್ಸು ಮತ್ತೆ.”

ಅಡುಗೆಮನೆ ಬಾಗಿಲಲ್ಲಿದ್ದ ಚೈತ್ರಾ, “ನೀವೇನೋ ಮುಗಿಸ್ಬುಟ್ರಿ ಅತ್ತೆ. ನಾನಿನ್ನೂ ಅರ್ಧದಲ್ಲಿವ್ನಿ,” ಎಂದಳು.

ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಕೊನೆಯ ಅರವತ್ತು ಪುಟಗಳ ಅಂಚು ಖಾಲಿ. ಆ ಕಾವಲಿಗೆ ಹುಡುಗಿ ಉತ್ತರ ಕೊಡುವ ಭಾಗ ಅದು. ಅಲ್ಲಿ ನಾನು ಬರೆಯುವುದನ್ನೇ ಮರೆತು ಓದಿದ್ದೆ. ತಪ್ಪು ಕಂಡಲ್ಲೆಲ್ಲ ಬರೆದವಳು ಮೆಚ್ಚಿದಲ್ಲಿ ಸುಮ್ಮನಿದ್ದೆ. ಇದನ್ನು ಹೇಳಲು ನಾಚಿಕೆಯಾಗಿ, ಕಾಫಿ ಕುಡಿದು ಶ್ರೀರಂಗಪಟ್ಟಣದ ಬಸ್ಸು ಹತ್ತಿದೆ.

ಬರುವ ಭಾನುವಾರ ಮತ್ತೆ ಹೋಗಿ, ಆ ಅರವತ್ತು ಪುಟಗಳನ್ನು ಅತ್ತಿಗೆಯ ಎದುರು ಕುಳಿತು ಗಟ್ಟಿಯಾಗಿ ಓದಬೇಕೆಂದು ತೀರ್ಮಾನಿಸಿದ್ದೇನೆ. ಚೈತ್ರಾಳನ್ನು ಮಾತ್ರ ಹೊರಗೆ ಕಳಿಸಬೇಕು. ಅವಳಿಗೆ ಕಥೆಯ ಕೊನೆ ಈಗಲೇ ಗೊತ್ತಾಗಬಾರದು.