ತೈಸ್ತೊ ಕಲಿಸಿದ ಸುಸ್ತಿನ ಮಾತುಗಳು

ನಾನು ಉಕ್ರೇನಿನಿಂದ ಫಿನ್ಲೆಂಡಿನ ಕಿಯುರುವೆಸಿಗೆ ಬಂದಾಗ ನನಗೆ ಬರುತ್ತಿದ್ದುದು ದನಗಳ ಭಾಷೆಯೊಂದೇ. ಅದಕ್ಕೇ ಬದಲಿ ಕೆಲಸ ಸಿಕ್ಕಿತು. ಇಲ್ಲಿ ಹಸು ಸಾಕುವವರಿಗೂ ವರ್ಷಕ್ಕಿಷ್ಟು ದಿನ ರಜೆಯುಂಟು. ಆ ದಿನಗಳಲ್ಲಿ ನನ್ನಂಥವರು ಹೋಗಿ ಹಾಲು ಕರೆದು, ಸಗಣಿ ಬಳಿದು ಬರುತ್ತೇವೆ. ಮೊದಲ ದಿನ ನನ್ನನ್ನು ಕಳಿಸಿದ್ದು ತೈಸ್ತೊ ಹುತ್ತುನೆನ್ನನ ಕೊಟ್ಟಿಗೆಗೆ. ನಾನು ಫಿನ್ನಿಶ್ ಕಲಿತದ್ದು ಅಲ್ಲೇ.

ರಜೆ ಅವನದು, ಆದರೆ ರಜೆ ಹಾಕಲು ಅವನಿಗೆ ಬರುತ್ತಿರಲಿಲ್ಲ. ನಾನು ಹಾಲು ಕರೆಯುವ ಯಂತ್ರ ಜೋಡಿಸುವಷ್ಟರಲ್ಲಿ ಬಾಗಿಲ ಹತ್ತಿರ ಅವನ ನೀಲಿ ಮೇಲಂಗಿ ಕಾಣುತ್ತಿತ್ತು.

"ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ."

"ಇವತ್ತು ನಿನ್ನ ರಜಾ ಕಣಯ್ಯಾ. ಹೋಗು, ಕೆರೇಲಿ ಮೀನು ಹಿಡಿ."

"ಮೀನಿಗೇನು ಅವಸರ?" ಎಂದು ಸಗಣಿ ಸಲಿಕೆ ಎತ್ತಿಕೊಳ್ಳುತ್ತಿದ್ದ. ಈ ಊರಲ್ಲಿ ಹಿರಿಯರಿಗೂ ಏಕವಚನವೇ; ಮರ್ಯಾದೆ ಇರುವುದು ಬೇರೆ ಕಡೆ.

ಸಗಣಿ ಎಳೆಯುತ್ತಲೇ ಅವನು ತನ್ನ ಸುಸ್ತಿನ ಬಗ್ಗೆ ಹೇಳುತ್ತಿದ್ದ, ಅದೂ ಬಹಳ ಹುರುಪಿನಿಂದ. ಸಾಮಾನ್ಯ ದಿನ "ಎರಡು ತುಂಡಾಗಿದೀನಿ" ಎನ್ನುತ್ತಿದ್ದ. ಮೊದಲ ಸಲ ಕೇಳಿದಾಗ ನಾನು ಅವನ ಸೊಂಟವನ್ನೇ ನೋಡಿದ್ದೆ. ಹುಲ್ಲು ಕೊಯ್ಲು ಮುಗಿದ ವಾರ "ತೂತು ಬಿದ್ದಿದೀನಿ" ಎನ್ನುತ್ತಿದ್ದ, ಹಳೇ ಕಾಲುಚೀಲದ ಹಾಗೆ. ಹಸುವಿಗೆ ಕಷ್ಟದ ಹೆರಿಗೆ ಮಾಡಿಸಿದ ಬೆಳಿಗ್ಗೆ "ರಸವೆಲ್ಲಾ ಹಿಂಡಿಹೋಯ್ತು." ಎಲ್ಲಕ್ಕಿಂತ ದೊಡ್ಡದು "ಕೋಟು ಖಾಲಿ." ಕೋಟು ಓಡಾಡುತ್ತಿದೆ, ಒಳಗೆ ಯಾರೂ ಇಲ್ಲ ಅಂತ.

ಅದು ನನಗೆ ಬಹಳ ಹಿಡಿಸಿತು. ಒಂದು ಬೆಳಗಿನ ಕೆಲಸ ಮುಗಿಸಿ, ಸೊಂಟಕ್ಕೆ ಕೈಯಿಟ್ಟು, "ನನ್ನ ಕೋಟು ಖಾಲಿ" ಎಂದೆ. ತೈಸ್ತೊ ಹೊಟ್ಟೆ ಹಿಡಿದುಕೊಂಡು ನಕ್ಕ.

"ಅದು ನಿನಗಲ್ಲ ಹಲಿನಾ! ಅದಕ್ಕೆ ವಯಸ್ಸಾಗ್ಬೇಕು. ನಿನಗೆ ಸದ್ಯಕ್ಕೆ ಎರಡು ತುಂಡು ಸಾಕು."

ಈ ಮಾತುಗಳಿಗೆ ಉತ್ತರವೂ ಗೊತ್ತಿರಬೇಕು. "ಹ್ಞೂ, ಹಾಗೇ ಆಗತ್ತೆ" ಎಂದು ಕಾಫಿ ಬಗ್ಗಿಸಬೇಕು, ಅಷ್ಟೇ. ನಾನು ಒಂದು ಸಲ ನಮ್ಮೂರಿನ ಅಭ್ಯಾಸದಂತೆ "ಯಾಕೆ, ಏನಾಯ್ತು, ನಿದ್ದೆ ಬರಲ್ವಾ?" ಎಂದು ಕೇಳಿಬಿಟ್ಟೆ. ಮೇಜಿನ ಸುತ್ತ ಇದ್ದವರೆಲ್ಲ ತಮ್ಮ ತಮ್ಮ ಲೋಟದೊಳಗೆ ನೋಡತೊಡಗಿದರು. ಆಮೇಲೆ ತೈಸ್ತೊನ ಹೆಂಡತಿ ಸಿರ್ಕ್ಕಾ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: "ಕೆದಕಬಾರ್ದು ಕಣೆ. ಬೇಕಾದ್ರೆ ಅವನೇ ಹೇಳ್ತಾನೆ. ಅವನ ಪಾಡಿಗೆ ಬಿಡೋದೇ ಒಳ್ಳೇದು."

ನಮ್ಮೂರಲ್ಲಿ ಒಂದು ಸೀನು ಸೀನಿದರೆ ಹತ್ತು ಜನ ಕಷಾಯ ಹಿಡಿದು ಬರುತ್ತಾರೆ. ಇಲ್ಲಿ ಒಬ್ಬರನ್ನು ಅವರ ಪಾಡಿಗೆ ಬಿಡುವುದೇ ಪ್ರೀತಿ. ನನಗೂ ಅದು ಹಿತವೆನಿಸಿತು. ಬೊಗಳುವ ನಾಯಿ ಕಚ್ಚುವುದಿಲ್ಲವಲ್ಲ. ಆ ದೊಡ್ಡ ದೊಡ್ಡ ಮಾತುಗಳಿಂದ ಯಾರಿಗೂ ಅಪಾಯವಿರಲಿಲ್ಲ.

ತೈಸ್ತೊ ಹುಟ್ಟಿದ್ದು ಕೊಟ್ಟಿಗೆಯ ಎದುರಿನ ಮನೆಯಲ್ಲೇ. ಅಪ್ಪ ಹಾಲು ಕರೆಯುತ್ತಲೇ ಎದೆ ಹಿಡಿದುಕೊಂಡು ಬಿದ್ದ. ಅದೇ ಸಂಜೆ ಮಗ ಅದೇ ಹಸುವಿನ ಪಕ್ಕ ಕೂತ. ಊರು ಬಿಟ್ಟಿದ್ದು ಸೈನ್ಯದ ಕಡ್ಡಾಯ ಸೇವೆಗೆ ಒಮ್ಮೆ, ಮದುವೆಯಾದ ಹೊಸದರಲ್ಲಿ ಹಡಗು ಹತ್ತಿ ಸಮುದ್ರದಾಚೆಯ ತಾಲಿನ್ ಪಟ್ಟಣ ನೋಡಲು ಒಮ್ಮೆ. ತಾಲಿನ್‌ನಿಂದ ಅವನು ನೋಡಿಕೊಂಡು ಬಂದದ್ದು ಟೆಲಿಫೋನ್ ಬೂತನ್ನು ಮಾತ್ರ ಎಂದು ಸಿರ್ಕ್ಕಾ ಇವತ್ತಿಗೂ ಹಂಗಿಸುತ್ತಾಳೆ. ಹಸು ಕರು ಹಾಕಿತಾ ಎಂದು ವಿಚಾರಿಸುವುದೇ ಅವನಿಗೆ ಕೆಲಸವಾಗಿತ್ತಂತೆ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ತೈಸ್ತೊನ ಕೈ ಕೆಸರೂ ಆಯಿತು, ಮನೆ ತುಂಬ ಮೊಸರೂ ಆಯಿತು, ಕೂತು ಉಣ್ಣುವ ಪುರುಸೊತ್ತು ಮಾತ್ರ ಸಿಗಲಿಲ್ಲ.

ಹೋದ ಚಳಿಗಾಲ ಅವನ ಮಾತುಗಳು ಒಂದೊಂದಾಗಿ ನಿಂತವು.

"ಇವತ್ತೇನು, ತುಂಡೋ ತೂತೋ?" ಎಂದು ನಾನು ಕೆಣಕುತ್ತಿದ್ದೆ.

"ಏನಿಲ್ಲ. ಸ್ವಲ್ಪ ಸುಸ್ತು."

ಇಷ್ಟು ವರ್ಷಗಳಲ್ಲಿ ಅವನ ಬಾಯಲ್ಲಿ ಈ ಬರೀ ಮಾತನ್ನು ನಾನು ಕೇಳಿರಲಿಲ್ಲ. ನನಗೆ ಭಯವಾಯಿತು. ಸಿರ್ಕ್ಕಾಗೆ ಹೇಳಿದೆ. "ಚಳಿಗಾಲ ಅಲ್ವಾ, ಎಲ್ಲರಿಗೂ ಹಾಗೇ. ಅವನ ಪಾಡಿಗೆ ಬಿಡು," ಎಂದಳು. ಬಾಯಿ ಹಾಗೆಂದಿತೇ ಹೊರತು ಕಣ್ಣು ಒಪ್ಪಿರಲಿಲ್ಲ.

ಮಾರ್ಚ್ ತಿಂಗಳ ಒಂದು ರಜೆಯ ಬೆಳಿಗ್ಗೆ ನಾನು ಹಿಂಡಿ ತರಲು ಪಕ್ಕದ ಕೋಣೆಗೆ ಹೋಗಿ ಬರುವಷ್ಟರಲ್ಲಿ ತೈಸ್ತೊ ಒಳಬಂದು ಹೆಲುನಾ ಎಂಬ ಹಸುವಿಗೆ ಯಂತ್ರ ಹಚ್ಚಿದ್ದ. ಹೆಲುನಾಳ ಕಾಲಿಗೆ ಕೆಂಪು ಪಟ್ಟಿ ಇತ್ತು. ಕೆಚ್ಚಲು ಬಾವಿಗೆ ಔಷಧಿ ನಡೆಯುತ್ತಿತ್ತು. ಆ ಹಾಲನ್ನು ಬೇರೆ ಬಕೆಟ್ಟಿಗೆ ಕರೆದು ಚೆಲ್ಲಬೇಕು. ಪಟ್ಟಿ ಕಟ್ಟಿದವನು ಅವನೇ. ಈಗ ಆ ಹಾಲು ಕೊಳವೆಯಲ್ಲಿ ಸೀದಾ ದೊಡ್ಡ ಟ್ಯಾಂಕಿಗೆ ಹರಿಯುತ್ತಿತ್ತು.

"ತೈಸ್ತೊ! ಕಾಲು ನೋಡು, ಕಾಲು!"

ಅವನು ಪಟ್ಟಿಯನ್ನು ನೋಡಿದ. ನೋಡುತ್ತಲೇ ನಿಂತ. ಯಂತ್ರ ಕಿತ್ತವಳು ನಾನು. ಅಷ್ಟರಲ್ಲಿ ಟ್ಯಾಂಕಿನಲ್ಲಿದ್ದ ಹಾಲೆಲ್ಲ ಕೆಟ್ಟಂತಾಗಿತ್ತು. ಡೇರಿಗೆ ಫೋನು ಮಾಡಿ ತಿಳಿಸಿದೆವು. ನಲ್ಲಿ ತಿರುಗಿಸಿದ್ದು ತೈಸ್ತೊನೇ. ಹಾಲು ಗಂಜಲದ ಕಾಲುವೆಗೆ ಬಿದ್ದು, ಗೊಬ್ಬರದ ಗುಂಡಿಯ ಕಡೆ ಹರಿಯಿತು. ಅದು ಮುಗಿಯುವವರೆಗೂ ನೋಡಿ ಅವನು ಹೇಳಿದ:

"ನನ್ನ ಕೈಲಿ ಆಗ್ತಿಲ್ಲ, ಹಲಿನಾ."

"ಹ್ಞೂ, ಹಾಗೇ ಆಗತ್ತೆ" ಎನ್ನುವುದು ನಾಲಿಗೆಯ ತುದಿಗೇ ಬಂತು. ನುಂಗಿಕೊಂಡೆ.

"ಎಷ್ಟು ದಿನದಿಂದ?"

ಅವನು ನಲ್ಲಿಯನ್ನು ತಿರುಗಿಸಿ ಮುಚ್ಚಿದ. ಆಮೇಲೆ ಅಂದ: "ಹೋದ ಬೇಸಿಗೆಯಿಂದ."

"ಸಿರ್ಕ್ಕಾಗೆ ಹೇಳಿದೀಯಾ?"

"ಅವಳು ಕೇಳ್ಲಿಲ್ಲ."

"ನೀನು ಹೇಳ್ಲಿಲ್ಲ." ಸಿರ್ಕ್ಕಾ ಬಾಗಿಲಲ್ಲಿ ನಿಂತಿದ್ದಳು. ಫೋನಿನ ಗಲಾಟೆ ಕೇಳಿ ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ರಾತ್ರಿ ಎಲ್ಲಾ ನೀನು ಎಚ್ಚರವಾಗಿರೋದು ನನಗೆ ಗೊತ್ತಿತ್ತು. ನೀನೇ ಹೇಳ್ತೀಯ ಅಂತ ಕಾದೆ."

ಇಬ್ಬರ ಮೇಲೂ ನನಗೆ ಕೆಂಡದಂಥ ಕೋಪ ಬಂತು. ಒಂದೇ ಹಾಸಿಗೆಯಲ್ಲಿ ಮಲಗಿ, ಒಬ್ಬರನ್ನೊಬ್ಬರು ಅಷ್ಟು ಮರ್ಯಾದೆಯಿಂದ ಸಾಯಲು ಬಿಡುವ ಜನ! "ಇವತ್ತೇ ಡಾಕ್ಟರ ಹತ್ರ ಹೋಗ್ತೀರಿ, ಇಬ್ಬರೂ," ಎಂದು ಕಿರುಚಿದೆ. ಹಸುಗಳು ಕೂಡ ತಲೆಯೆತ್ತಿ ನೋಡಿದವು. ಅವರು ಹೋದರು.

ಡಾಕ್ಟರು ಉದ್ದದ ರಜೆ ಬರೆದರು. ತೈಸ್ತೊ ಮಲಗಿದ. ಕೊಟ್ಟಿಗೆಯ ಕಡೆ ತಲೆಯೇ ಹಾಕಲಿಲ್ಲ. ಎರಡು ಹೊತ್ತೂ ಹಾಲು ಕರೆದು ನನ್ನ ಕೈ ಬಿದ್ದುಹೋಗಿತ್ತು. "ಉಸಿರಾಡ್ತಿದಾನಾ ಅಂತ ಮೂಗಿನ ಹತ್ರ ಕೈ ಹಿಡಿದು ನೋಡ್ತೀನಿ ಕಣೆ," ಎಂದಳು ಸಿರ್ಕ್ಕಾ. ಆದರೆ ಈಗ ಅವಳು ದಿನಾ ಅವನನ್ನು ಕೇಳುತ್ತಿದ್ದಳು, ಅವನು ಹೇಳುತ್ತಿದ್ದ.

ಹಿಮ ಕರಗಿ ಬರ್ಚ್ ಮರ ಚಿಗುರಿದ ಮೇಲೆ ಒಂದು ದಿನ ಬಂದ. ಗಡ್ಡ ತೆಗೆದಿದ್ದ, ಕೆನ್ನೆ ತುಂಬಿಕೊಂಡಿತ್ತು. ಹಸುಗಳೆಲ್ಲ ಅವನ ಕಡೆ ತಿರುಗಿದವು, ಹೆಲುನಾ ಕೂಗಿದಳು. ಆ ತುದಿಯಿಂದ ಈ ತುದಿಯವರೆಗೆ ನಡೆದ. ಒಂದನ್ನೂ ಮುಟ್ಟಲಿಲ್ಲ.

"ನಿದ್ದೆ ಆಯ್ತಾ?"

"ಆಯ್ತು. ಹುಟ್ಟಿದಾಗಿಂದ ಇಷ್ಟು ನಿದ್ದೆ ಮಾಡಿರ್ಲಿಲ್ಲ."

"ಮತ್ತೆ?"

"ಎಲ್ಲಾ ಸುಸ್ತಿಂದ ಅಂದ್ಕೊಂಡಿದ್ದೆ. ಮಲಗಿ ಎದ್ರೆ ಇವನ್ನ ಕಂಡು ಖುಷಿ ಆಗತ್ತೆ ಅಂತ." ಅವನು ಹಸುಗಳ ಕಡೆ ನೋಡಲಿಲ್ಲ. "ಸುಸ್ತು ಹೋಯ್ತು ಹಲಿನಾ. ಖುಷಿ ಬರ್ಲಿಲ್ಲ."

ಹಸು ಹೋದರೆ ಈ ಕೊಟ್ಟಿಗೆಯಲ್ಲಿ ನನ್ನ ಕೆಲಸವೂ ಹೋಗುತ್ತದೆ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಮಾರಿಬಿಡು," ಅಂದೆ.

ಅಪ್ಪ ಹೋದಾಗಿನಿಂದ ಈ ಮಾತನ್ನು ಯಾರಾದರೂ ಹೇಳಲಿ ಎಂದೇ ಕಾಯುತ್ತಿದ್ದವನಂತೆ ತೈಸ್ತೊ ಹುಲ್ಲಿನ ಹೊರೆಯ ಮೇಲೆ ಕುಸಿದು ಕೂತು, ದನಗಳೆದುರೇ ಬಿಕ್ಕಿ ಬಿಕ್ಕಿ ಅತ್ತ.