ಊರಿಗೆ ಹೋದವರು

ತಪ್ಪು ನನ್ನದೇ. ಬೇರೆ ಯಾರ ತಲೆಗೂ ಕಟ್ಟಲಾಗದಷ್ಟು ಅಚ್ಚುಕಟ್ಟಾಗಿ ನಾನೇ ಮಾಡಿದ್ದು.

ನನ್ನ ಕೆಲಸ ಜನಸಂಖ್ಯೆಯ ಮಾದರಿ ಕಟ್ಟುವುದು. ಒಂದು ಪ್ರದೇಶದ ಜನರನ್ನೆಲ್ಲ ಕಂಪ್ಯೂಟರಿನೊಳಗೆ ಚುಕ್ಕೆಗಳಾಗಿ ಕೂರಿಸಿ, ಪ್ರತಿ ಚುಕ್ಕೆಗೂ ವಯಸ್ಸು, ಕೆಲಸ, ಮಲಗುವ ಮಂಚ ಕೊಟ್ಟು, ಹತ್ತು ವರ್ಷ ಬದುಕಲು ಬಿಡುತ್ತೇವೆ. ಕೆಲವು ಕಾಯಿಲೆ ಬೀಳುತ್ತವೆ, ಕೆಲವು ಸಾಯುತ್ತವೆ. ಯಾವುದಕ್ಕೆ ಏನಾಗುತ್ತದೆ ಎನ್ನುವುದು ದಾಳ ಉರುಳಿಸಿದ ಹಾಗೆ ಪ್ರತಿ ಸಲವೂ ಬೇರೆ. ಅದಕ್ಕೇ ಮತ್ತೆ ಮತ್ತೆ ಓಡಿಸಿ ನೋಡುವುದು. ಈ ಗಲ್ಫ್ ದೇಶದಲ್ಲಿ, ಅದ್ಲಿಯಾದ ನಮ್ಮ ಆಫೀಸಿಗೆ ಆ ಸಲ ಬಂದಿದ್ದ ಪ್ರಶ್ನೆ ಇಷ್ಟೇ: ಮೀನಾ ಸಲ್ಮಾನ್ ಬಂದರಿನ ಕಾರ್ಮಿಕರ ವಸತಿಗಳ ಹತ್ತಿರ ಒಂದು ಕ್ಲಿನಿಕ್ ಬೇಕೇ, ಬೇಡವೇ?

ಕರಾವಳಿಯವರ ಕೋಣೆಗಳಿಗೆ ನಾನೇ ಹೋಗಿ ಮಾಹಿತಿ ತರುತ್ತೇನೆಂದು ಹಟ ಹಿಡಿದೆ. "ನಮ್ಮ ಊರಿನ ಜನ. ನನಗೆ ದುಭಾಷಿ ಯಾಕೆ?" ಅಂದೆ. ಅಹಂಕಾರವಲ್ಲದೆ ಮತ್ತೇನು!

ಒಂದು ಕೋಣೆಯಲ್ಲಿ ಉಡುಪಿ ಕಡೆಯ ವೆಲ್ಡರ್ ಒಬ್ಬರಿದ್ದರು. ನನಗಿಂತ ದೊಡ್ಡವರಾದರೂ ಬಾಯಿ ತುಂಬ ಅಕ್ಕ ಎನ್ನುವವರು. ಹಾಲಿಲ್ಲದ ಸುಲೈಮಾನಿ ಚಾ ಕೊಟ್ಟರು. ಎರಡಂತಸ್ತಿನ ಮಂಚದಲ್ಲಿ ಮೇಲಿನದು ಅವರದು. ಕೆಳಗಿನದರಲ್ಲಿ ಹೊದಿಕೆ ಮಡಿಸಿಟ್ಟಿತ್ತು, ದಿಂಬಿನ ಮೇಲೆ ಒಂದು ಬಾಚಣಿಗೆ.

"ಇಲ್ಲಿ ಮಲಗುವವರು ಎಲ್ಲಿ, ಅಣ್ಣ?"

"ಊರಿಗೆ ಹೋದ್ರು, ಅಕ್ಕ."

ಇಲ್ಲಿ ಊರಿಗೆ ಹೋಗುವುದೆಂದರೆ ರಜೆ. ಎರಡು ತಿಂಗಳಿದ್ದು, ಹಪ್ಪಳ, ಒಣಮೀನು ಕಟ್ಟಿಸಿಕೊಂಡು ವಾಪಸ್ ಬರುವುದು. 'ರಜೆ' ಎಂಬಲ್ಲಿ ಟಿಕ್ ಹಾಕಿದೆ. ಅವರು ಮುಖ ತಿರುಗಿಸಿ, ಆಗಲೇ ತೊಳೆದಿದ್ದ ಲೋಟವನ್ನು ಮತ್ತೆ ತೊಳೆಯುತ್ತಿದ್ದರು. ನೋಡಿದೆ, ಕೇಳಲಿಲ್ಲ.

ಮಾದರಿ ಚೆನ್ನಾಗಿಯೇ ಓಡಿತು. ಪ್ರತಿ ಸಲವೂ ಎರಡು ತಿಂಗಳಿಗೆ ಸರಿಯಾಗಿ ಕೆಳಗಿನ ಮಂಚದ ಚುಕ್ಕೆ ಮರಳಿ ಬಂದು, ಮರುದಿನದಿಂದ ಕೆಲಸಕ್ಕೆ ಹೋಗುತ್ತಿತ್ತು. ಸಾವು ಕಡಿಮೆ, ಕ್ಲಿನಿಕ್ ಬೇಡ ಎಂದು ಉತ್ತರ ಬಂತು. ವರದಿ ಕಳಿಸುವ ಮೊದಲು, ಎಲ್ಲ ಸರಿಯಿದೆಯೇ ಎಂದು ವೆಲ್ಡರಿಗೆ ಫೋನ್ ಮಾಡಿದೆ.

"ಅಣ್ಣ, ರಜೆಯಲ್ಲಿ ಹೋದವರು ಬಂದ್ರಾ?"

"ಯಾರು?"

"ನಿಮ್ಮ ಕೆಳಗಿನ ಮಂಚದವರು."

"ಅವ ಪೆಟ್ಟಿಗೆಯಲ್ಲಿ ಹೋದದ್ದು, ಅಕ್ಕ. ಎದೆನೋವು ಅಂತ ಹೇಳಿದ. ಗ್ಯಾಸ್ ಇರ್ಬೇಕು ಅಂತ ನಾವು ಸೋಡಾ ಕುಡಿಸಿದ್ದು. ಅವ ಮಲಗ್ತಿದ್ದ ಮಂಚದ ಹತ್ರವೇ ಕೂತುಕೊಂಡು 'ಸತ್ತ' ಅಂತ ನಾನು ಹೇಗೆ ಹೇಳುದು?"

ಅಯ್ಯೋ ನನ್ನ ಕರ್ಮವೇ! ನಮ್ಮ ಮನೆಯಲ್ಲಿ ಹೊರಡುವಾಗ 'ಹೋಗ್ತೇನೆ' ಎನ್ನುವಂತಿಲ್ಲ, 'ಬರ್ತೇನೆ' ಎನ್ನಬೇಕು. ಇದಕ್ಕಾಗಿ ಅಮ್ಮನಿಂದ ಬೈಸಿಕೊಂಡದ್ದಕ್ಕೆ ಮಿತಿಯಿಲ್ಲ. 'ಹೋದ' ಎಂಬ ಮಾತು ಎಷ್ಟು ಭಾರ ಎಂದು ದುಭಾಷಿಗೆ ತಿಳಿಯದಿರಬಹುದು, ನನಗೆ ತಿಳಿಯಬೇಡವೇ? ಸತ್ತವರನ್ನು ಪ್ರತಿದಿನ ಎಬ್ಬಿಸಿ ಕೆಲಸಕ್ಕೆ ಕಳಿಸಿದ್ದೆ.

"ನೀವು ಹುಷಾರಾಗಿದ್ದೀರಲ್ಲ?" ಎಂದು ಹೇಗೋ ಕೇಳಿದೆ.

"ಮೆಟ್ಟಿಲು ಹತ್ತುವಾಗ ನನಗೂ ಸ್ವಲ್ಪ ಎದೆ ಹಿಡಿದ ಹಾಗೆ ಆಗ್ತದೆ. ಯಾರಿಗೂ ಹೇಳ್ಬೇಡಿ, ಅಕ್ಕ. ಕಂಪನಿಯವರು ಅನ್‌ಫಿಟ್ ಅಂತ ಬರೆದ್ರೆ ವೀಸಾ ಕ್ಯಾನ್ಸಲ್."

ಊರಿಗೆ ಹೋದರೆಂದು ಟಿಕ್ ಹಾಕಿದ್ದ ಪ್ರತಿ ಕೋಣೆಗೂ ಫೋನ್ ಮಾಡಿದೆ. "ನಡೆದುಕೊಂಡು ಹೋದದ್ದಾ, ಅಣ್ಣ?" ಎಂದು ನಾಚಿಕೆ ಬಿಟ್ಟು ಕೇಳಿದೆ. ಕೆಲವರು ನಕ್ಕರು. ಕೆಲವರು ನಗಲಿಲ್ಲ.

ಎಲ್ಲ ತಿದ್ದಿ, ಒಂದು ಮಧ್ಯಾಹ್ನ ಮಾದರಿಯನ್ನು ಮತ್ತೆ ಓಡಿಸಿದೆ. ಕೆಳಗಿನ ಮಂಚದ ಚುಕ್ಕೆ ಬರಲಿಲ್ಲ. ಮಂಚ ಖಾಲಿ ಇರಬಾರದೆಂಬ ನಿಯಮ ನಾನೇ ಬರೆದದ್ದು. ಅಲ್ಲಿಗೆ ಹೊಸದೊಂದು ಬಂತು. ಎರಡನೆಯ ವರ್ಷ ಮೇಲಿನ ಮಂಚದ ಚುಕ್ಕೆ ಆರಿಹೋಯಿತು. ಇದರಲ್ಲಿ ಯಾರೊಬ್ಬರ ಹಣೆಬರಹವೂ ಇಲ್ಲ, ಬರೀ ಅಂದಾಜು ಎಂದು ಆಫೀಸಿನ ಹೊಸಬರಿಗೆ ಪಾಠ ಹೇಳುವವಳೇ ನಾನು. ಆದರೂ ಮತ್ತೆ ಓಡಿಸಿದೆ. ಮತ್ತೆ ಆರಿತು. ಹೆದರಿಕೆಯಾಯಿತು. ಅವರು ಹತ್ತು ವರ್ಷ ಉಳಿಯುವ ಓಟ ಸಿಗುವ ತನಕ ಹುಚ್ಚಿಯ ಹಾಗೆ ಓಡಿಸುತ್ತಲೇ ಕೂತೆ. ಸಿಕ್ಕಿತು. ಸಿಕ್ಕಿ ಏನು ಪ್ರಯೋಜನ, ಆ ಹೊತ್ತಿಗೆ ಎಷ್ಟು ಸಲ ಅವರನ್ನು ಸಾಯಿಸಿದ್ದೆನೋ!

ಕ್ಲಿನಿಕ್ ಬೇಕೇ ಬೇಕು ಎಂದು ವರದಿ ಕಳಿಸಿದೆ. ಅದು ಎದ್ದು ನಿಲ್ಲುವುದು ಯಾವ ಕಾಲಕ್ಕೋ. ಒಂದು ವಾರ ತಡೆದೆ, ಆಮೇಲೆ ತಡೆಯಲಾಗದೆ ಆಫೀಸಿನಿಂದಲೇ ವೆಲ್ಡರಿಗೆ ಫೋನ್ ಮಾಡಿದೆ.

"ಡಾಕ್ಟರಿಗೆ ತೋರಿಸಿದ್ರಾ, ಅಣ್ಣ?"

"ಎಂತ ಅರ್ಜೆಂಟ್ ಇಲ್ಲ, ಅಕ್ಕ. ಊರಿಗೆ ಹೋದ ಮೇಲೆ ತೋರಿಸ್ತೇನೆ."

"ಬಾಯಿ ಮುಚ್ಚಿ!" ಎಂದು ಕಿರುಚಿದೆ. ಆಫೀಸಿನವರೆಲ್ಲ ತಿರುಗಿ ನೋಡಿದರು. "ಗುಫೂಲ್‌ನಲ್ಲಿ ನಮ್ಮ ಫ್ಲಾಟಿನ ಕೆಳಗೇ ಡಾಕ್ಟರಿದ್ದಾರೆ. ನಿಮ್ಮ ಕಂಪನಿಗೆ ಗೊತ್ತಾಗುದಿಲ್ಲ. ಅಂಗಿ ಹಾಕ್ಕೊಂಡು ಗೇಟಿನ ಹತ್ರ ನಿಲ್ಲಿ. ನಾನು ಬರ್ತೇನೆ."