ಪರಿಮಳಕ್ಕೆ ಹಾಕಿದ ಒಂದು ಮುಷ್ಟಿ ಚಟ್ಲಿ

ಅಲರ್ಜಿಯಿಂದ ಮನುಷ್ಯರು ಸಾಯುತ್ತಾರೆ. ಇಷ್ಟನ್ನೂ ಬರೆದು ಹೇಳಬೇಕಲ್ಲ ಎಂಬುದೇ ನನ್ನ ಸಿಟ್ಟು.

ಬೈಂದೂರು ಕಡೆಯ ಸೀತು ಇಪ್ಪತ್ತು ವರ್ಷದಿಂದ ಬುಟ್ಟಿ ಹೊತ್ತು ಮೀನು ಮಾರುವವಳು. ಬಿಜೂರಿನ ತಿರುವಿನಲ್ಲಿ ಅವಳು ‘ಹ್ವಾಯ್’ ಎಂದರೆ ಗದ್ದೆಯಾಚೆಯ ಮನೆಯವರೂ ಪಾತ್ರೆ ಹಿಡಿದು ಹೊರಬರುತ್ತಾರೆ. 2008ರಲ್ಲಿ, ನಲವತ್ತು ದಾಟಿದ ಮೇಲೆ, ಚಟ್ಲಿ ಅಂದರೆ ಸಿಗಡಿ ತಿಂದಾಗೆಲ್ಲ ಅವಳ ಮೈಮೇಲೆ ಪಿತ್ತದ ಗಂಧೆ ಏಳತೊಡಗಿತು. ಮೀನಿನವಳಿಗೆ ಚಟ್ಲಿ ಆಗುವುದಿಲ್ಲವಂತೆ ಎಂದು ಊರು ನಕ್ಕಿತು. ಕಂಬಳಿಯಿಂದ ಉಜ್ಜಿದರು, ಮುರುಗಲ ಹಣ್ಣಿನ ಪಾನಕ ಕುಡಿಸಿದರು. ಕೊನೆಗೆ ಅವಳು ಚಟ್ಲಿಯನ್ನೇ ಬಿಟ್ಟಳು.

ಆಮೇಲೊಂದು ಭಾನುವಾರ ಅಣ್ಣ ಬಚ್ಚನ ಮನೆಯಲ್ಲಿ ಊಟ. ಅತ್ತಿಗೆ ಬೆಳ್ಳಿ ಸೌತೆಕಾಯಿ ಹುಳಿ ಬಡಿಸಿದಳು. ನಾಲ್ಕು ತುತ್ತಿಗೆ ಸೀತುವಿನ ತುಟಿ ಬೋಂಡದಂತೆ ಉಬ್ಬಿತು.

“ಅತ್ತಿಗೆ, ಇದಕ್ಕೆ ಎಂತ ಹಾಕಿದ್ರಿ?”

“ಎಂತ ಇಲ್ಲ ಹೆಣೆ. ಪರಿಮಳಕ್ಕೆ ಒಂದ್ ಮುಷ್ಟಿ ಒಣ ಚಟ್ಲಿ. ನಿಂಗ್ ಆತಿಲ್ಲ ಅಂದೇಳಿ ಎಲ್ಲ ಹೆಕ್ಕಿ ತೆಗ್ದೆ ಮರಾಯ್ತಿ!”

“ಒಂದೆರಡ್ ಉಳೀತಾ ಎಂತ?” ಎಂದು ಬಚ್ಚ ಪಾತ್ರೆಯೊಳಗೆ ಸೌಟು ಆಡಿಸಿ ಹುಡುಕತೊಡಗಿದ.

ಇಬ್ಬರಿಗೂ ಬೈಯಲು ಸೀತು ಬಾಯಿ ತೆರೆದಳು. ದನಿ ಹೊರಡಲಿಲ್ಲ. ಸೀತು ಬೈಯುತ್ತಿಲ್ಲ ಎಂದ ಮೇಲೆಯೇ ಮನೆಯವರಿಗೆ ಗಾಬರಿಯಾದದ್ದು. ರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರ್ ವಿನಯಾ ತೊಡೆಗೆ ಸೂಜಿ ಚುಚ್ಚಿದ ಮೇಲೆ ಉಸಿರು ಸಲೀಸಾಯಿತು.

“ಎಲ್ಲ ಹೆಕ್ಕಿದ್ದೆ ಡಾಕ್ಟ್ರೇ,” ಎಂದಳು ಬೆಳ್ಳಿ.

“ರಸ ಹೆಕ್ಕಲಿಕ್ಕಾಗ್ತದಾ? ಮೀನು ಮಾರ್ಕೆಟ್ಟಲ್ಲಿ ಒಬ್ಬಳು ಕೂಗಿದ್ರೆ ಸಾಲಿಗೆ ಸಾಲೇ ಎದ್ದು ಬರ್ತದಲ್ಲ, ಮೈಯೊಳಗೂ ಹಾಗೆ. ಸೈಟೊಕೈನ್ ಅಂತ ಪ್ರೋಟೀನುಗಳಿವೆ, ಒಂದು ಜೀವಕೋಶದ ಸುದ್ದಿ ಇನ್ನೊಂದಕ್ಕೆ ಮುಟ್ಟಿಸುವವು. ಚಟ್ಲಿ ವೈರಿ ಅಂತ ಇವರ ಮೈಯಲ್ಲಿ ತಪ್ಪು ಸುದ್ದಿ ಹಬ್ಬಿ, ಅದಕ್ಕೆ ಆಯುಧ ತಯಾರಾಗಿ ಕೂತಿದೆ. ಈಗ ರಸ ತಾಗಿದ್ರೂ ಸಾಕು, ಕಾವಲಿನ ಕೋಶಗಳು ಒಳಗಿದ್ದದ್ದನ್ನೆಲ್ಲ ಕಕ್ಕಿ ಗಂಟಲು ಉಬ್ಬಿಸ್ತವೆ, ಮತ್ತಷ್ಟು ಕೋಶಗಳನ್ನು ಕೂಗಿ ಕರೀತವೆ.”

“ಹಂಗಾರ್ ಆ ಕೂಗುದ್ ನಿಲ್ಸುಕ್ ಆತಿಲ್ಯಾ?”

“ನಿಮ್ಮ ನಾದಿನಿಯ ಕೂಗು ನಿಲ್ಲಿಸಿದ್ದೀರಾ ಇಷ್ಟು ವರ್ಷದಲ್ಲಿ? ಚಟ್ಲಿ ಹಾಕುವುದು ನಿಲ್ಲಿಸಿ.”

ಸೀತು ಈಗಲೂ ಬಂಗುಡೆ, ಬೂತಾಯಿ ಮಾರುತ್ತಾಳೆ, ಚಟ್ಲಿ ಮುಟ್ಟುವುದಿಲ್ಲ. ಬೆಳ್ಳಿ ಕೆಟ್ಟವಳಲ್ಲ, ಪ್ರೀತಿಯಿಂದಲೇ ಹೆಕ್ಕಿದ್ದಳು. ಆ ಪ್ರೀತಿಯಲ್ಲೇ ನಾದಿನಿಯ ಜೀವ ಹೋಗುತ್ತಿತ್ತು. ನಿಮ್ಮ ಮನೆಗೆ ಊಟಕ್ಕೆ ಬಂದವರು ‘ನನಗೆ ಆಗುವುದಿಲ್ಲ’ ಎಂದರೆ ನಗಬೇಡಿ, ಪರೀಕ್ಷೆ ಮಾಡಬೇಡಿ. ಬೇರೆ ಪಾತ್ರೆಯಲ್ಲಿ, ಬೇರೆ ಸೌಟಿನಲ್ಲಿ ಅಡುಗೆ ಮಾಡಿ ಬಡಿಸಿ.